ಜಾಯಿಸ್ಟ್ ಅಂದರೆ ಜಂತಿ

ಅನಸುಬಾಯಿ ಕಳ್ಳರನ್ನು ಕ್ಷಮಿಸಿಯಾರು, ಸೋಮಾರಿಗಳನ್ನೂ ಸಹಿಸಿಯಾರು. ತನಗೇ ಅರ್ಥವಾಗದ ಮಾತನ್ನು ಎದುರಿನವರ ಮೇಲೆ ಎಸೆದು ದೊಡ್ಡವನಾಗಲು ನೋಡುವವನನ್ನು ಮಾತ್ರ ಅವರು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾವೂರಿನಲ್ಲಿ ಅವರ ಪಕ್ಕದ ಮನೆ ನನ್ನದು. ನಾನು ಇಲ್ಲಿನ ಶಾಲೆಯಲ್ಲಿ ಟೀಚರು. ಹದಿನಾಲ್ಕು ವರ್ಷದಿಂದ ಅವರ ಬಾಯಿಯನ್ನು ಗೋಡೆಯಾಚೆಯಿಂದ ಕೇಳುತ್ತ ಬಂದಿದ್ದೇನೆ.

ಅವರು ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ಒಮ್ಮೆ ಹೊಸದಾಗಿ ಬಂದ ಡಾಕ್ಟರೊಬ್ಬ, ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವ ಬಸುರಿಯೊಬ್ಬಳಿಗೆ ‘ಅನೀಮಿಯಾ’ ಎಂದಷ್ಟೇ ಹೇಳಿ ಚೀಟಿ ಬರೆದುಕೊಟ್ಟ. ಆಕೆ ಅದನ್ನು ಸಾಯುವ ರೋಗವೆಂದು ತಿಳಿದು, ಮನೆಗೆ ಹೋಗಿ ತನ್ನ ಬೆಳ್ಳಿಯ ಕಾಲುಂಗುರಗಳನ್ನು ತಂಗಿಗೆ ಬಿಚ್ಚಿಕೊಟ್ಟಳು. ಸುದ್ದಿ ಕೇಳಿ ಅನಸುಬಾಯಿ ಆ ಗುಡಿಸಲಿಗೆ ನಡೆದುಹೋಗಿ, ರಕ್ತ ಕಡಿಮೆ ಇದೆ, ಗುಳಿಗೆ ನುಂಗಿ ಸೊಪ್ಪು ತಿಂದರೆ ಸರಿಹೋಗುತ್ತದೆ ಎಂದು ಹೇಳಿ ಬಂದರು. ಮರುದಿನ ರೋಗಿಗಳೆಲ್ಲ ಸಾಲಿನಲ್ಲಿ ನಿಂತಿರುವಾಗ ಡಾಕ್ಟರನ ಮೇಜಿನ ಮುಂದೆ ನಿಂತು, ಆಕೆಗೆ ತಿಳಿಯುವಂತೆ ಹೇಳಲು ಬಾರದಿದ್ದರೆ ನಿಮಗೂ ಅದು ಬರುವುದಿಲ್ಲ ಅಂತಲೇ ಅರ್ಥ ಎಂದರು. ಆರು ತಿಂಗಳಲ್ಲಿ ಅವನು ವರ್ಗ ಮಾಡಿಸಿಕೊಂಡ. ಅನಸುಬಾಯಿ ಅಲ್ಲಿಯೇ ನಿವೃತ್ತರಾದರು.

ಹಿತ್ತಲಲ್ಲಿ ಮರದ ಡೆಕ್ಕು ಹಾಕಿಸುವ ಹುಚ್ಚು ಹಿಡಿದದ್ದು ಅದಾದ ಮೇಲೆ. ಅವರ ಮನೆ ಇಳಿಜಾರಿನಲ್ಲಿದೆ. ಹಿತ್ತಲ ಬಾಗಿಲು ತೆರೆದರೆ ನೆಲ ಸೊಂಟದಷ್ಟು ಕೆಳಗೆ. ಆ ಬಾಗಿಲಿಗೆ ಮೆಟ್ಟಿಲು ಕಟ್ಟಿಸುತ್ತೇನೆಂದು ಅವರ ಗಂಡ, ರೈಲ್ವೆಯಲ್ಲಿದ್ದ ರಾಜರತ್ನ, ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದರು. ಚಂದ್ರಂಪಳ್ಳಿಯ ಕೆರೆ ನೋಡಲು ಹೋದಾಗ ಅನಸುಬಾಯಿ ಒಂದು ಕಟ್ಟಡದ ಮುಂದಿನ ಮರದ ಅಟ್ಟಣೆಯ ಮೇಲೆ ಚಪ್ಪಲಿ ಬಿಟ್ಟು ಕೂತರು. ಒಂದು ತಾಸು ಏಳಲಿಲ್ಲ. ನಮ್ಮೂರಿನಲ್ಲಿ ನೆಲ ಕಲ್ಲು, ಅಂಗಳ ಕಲ್ಲು, ಬಟ್ಟೆ ಒಗೆಯುವ ಜಾಗ ಕಲ್ಲು, ಕಾಂಪೌಂಡೂ ಕಲ್ಲು. ಬೇಸಿಗೆಯಲ್ಲಿ ಅಂಗಾಲು ಸುಡುತ್ತದೆ. ಹಿತ್ತಲ ಬಾಗಿಲಿಗೆ ಇಂಥದ್ದೇ ಒಂದು ಬೇಕು ಎಂದರು. ರಾಜರತ್ನ ಯಾರನ್ನೋ ವಿಚಾರಿಸಿ ಸೇಡಂನಿಂದ ಸಾಯಿಕುಮಾರನೆಂಬ ಡಿಸೈನರನನ್ನು ಕರೆಸಿದರು.

ಸಾಯಿಕುಮಾರ ಬೂಟು ಬಿಚ್ಚದೆ ನಡುಮನೆಗೆ ಬಂದ. ಟ್ಯಾಬ್ಲೆಟ್ಟಿನಲ್ಲಿ ಚಿತ್ರಗಳನ್ನು ಸರಿಸುತ್ತ ಅರ್ಧ ತಾಸು ಮಾತಾಡಿದ. ಫೂಟಿಂಗ್, ಪೋಸ್ಟ್, ಬೀಮ್, ಲೆಡ್ಜರ್, ಜಾಯಿಸ್ಟ್, ಸ್ಪ್ಯಾನ್, ಬಾಲಸ್ಟರ್, ರೈಸರ್. ಒಂದೊಂದು ಮಾತಿಗೂ ರಾಜರತ್ನ ತಲೆದೂಗಿದರು. ಅನಸುಬಾಯಿ ಮಾತ್ರ ಆಸ್ಪತ್ರೆಯ ಹಳೆಯ ನೋಟ್‌ಬುಕ್ ತೆಗೆದು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡರು. ಅದು ತನ್ನ ವಿದ್ಯೆಗೆ ಸಿಕ್ಕ ಮರ್ಯಾದೆ ಎಂದು ಅವನು ತಿಳಿದ. ಆ ದಿನ ಅವರು ಅವನನ್ನು ‘ರಿ’ ಹಚ್ಚಿಯೇ ಮಾತಾಡಿಸಿದರು. ನಕಾಶೆಯ ಒಂದು ಪ್ರತಿಯನ್ನೂ ಇಸಿದುಕೊಂಡರು.

ಎರಡು ದಿನ ಬಿಟ್ಟು ನೋಟ್‌ಬುಕ್ ಮತ್ತು ನಕಾಶೆ ಹಿಡಿದು ಬಸ್ಸಿನಲ್ಲಿ ಚಿತ್ತಾಪುರಕ್ಕೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಅಬ್ದುಲ್ ಗನಿ ಎಂಬ ಬಡಿಗ ಇದ್ದಾನೆ. ಹಳೆಯ ಮಾಳಿಗೆ ಮನೆಗಳನ್ನು ಬಿಚ್ಚಿ, ಅವುಗಳ ಮರವನ್ನು ಮಾರುವವನು, ಅದರಿಂದಲೇ ಬಾಗಿಲು ಕಿಟಕಿ ಮಾಡಿಕೊಡುವವನು. ಅವನಿಗೆ ಇಂಗ್ಲಿಷಿನ ಗಂಧವಿಲ್ಲ. ಅನಸುಬಾಯಿ ನಕಾಶೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಅವನು ಕೂತಲ್ಲಿಂದಲೇ ತನ್ನ ಅಂಗಳದಲ್ಲಿ ಬಿದ್ದಿದ್ದ ಮರಗಳನ್ನು ತೋರಿಸುತ್ತ ಹೋದ. ಫೂಟಿಂಗ್ ಎಂದರೆ ಪಾಯ, ಪೋಸ್ಟ್ ಎಂದರೆ ಕಂಬ. ಬೀಮ್ ಎಂದರೆ ಕಂಬದಿಂದ ಕಂಬಕ್ಕೆ ಹಾಯುವ ತೊಲೆ. ಜಾಯಿಸ್ಟ್ ಎಂದರೆ ತೊಲೆಯ ಮೇಲೆ ಅಡ್ಡಡ್ಡ ಕೂಡುವ ಜಂತಿ. ಸ್ಪ್ಯಾನ್ ಎಂದರೆ ಖಣ, ಎರಡು ಕಂಬಗಳ ನಡುವಿನ ಅಂತರ. ಬಾಲಸ್ಟರ್ ಎಂದರೆ ಕಟಾಂಜನದ ಕಂಬಿ, ರೈಸರ್ ಎಂದರೆ ಪಾವಟಿಗೆಯ, ಅಂದರೆ ಮೆಟ್ಟಿಲಿನ, ಎತ್ತರ.

ಅನಸುಬಾಯಿ ಪೆನ್ನು ಮುಚ್ಚಿದರು. ಅವರು ಹುಟ್ಟಿದ್ದೇ ಎರಡು ಖಣದ ಮನೆಯಲ್ಲಿ, ಜ್ವರ ಬಂದು ಮಲಗಿದಾಗೆಲ್ಲ ಮೇಲಿನ ಜಂತಿ ಎಣಿಸಿದವರು.

“ನಮ್ಮಪ್ಪನ ಮನ್ಯಾಗ ತಲಿ ಮ್ಯಾಲ ಇದ್ದದ್ದ ತಂದು ಕಾಲಾಗ ಹಾಕ್ಯಾರ, ಗನಿಸಾಬ,” ಎಂದರು. “ಇದಕ್ಕ ಅವಾ ಅರ್ಧಾ ತಾಸು ನನ್ನ ಮನ್ಯಾಗ ಬೊಗಳ್ಯಾನ.”

ಎರಡು ಮಾತುಗಳಿಗೆ ಮಾತ್ರ ಗನಿಯಲ್ಲಿ ಸಿದ್ಧ ಹೆಸರು ಇರಲಿಲ್ಲ. ಒಂದು ಲೆಡ್ಜರ್. ನಕಾಶೆ ನೋಡಿ, ಇದು ಮನೆಯ ಗೋಡೆಗೆ ಬೋಲ್ಟು ಬಡಿದು ಕೂಡಿಸುವ ಉದ್ದನೆಯ ಹಲಗೆ, ಜಂತಿಗಳ ಒಂದು ತುದಿ ಇದರ ಮೇಲೆ ಕೂಡುತ್ತದೆ ಎಂದು ಅವನು ಅರ್ಥಮಾಡಿಕೊಂಡ. ನಿಮ್ಮ ಹಿತ್ತಲ ಗೋಡೆ ಎಂಥದ್ದು ಎಂದು ಕೇಳಿದ. ಹಿಂದಿನ ವರ್ಷ ರಾಜರತ್ನ ಅಂದಕ್ಕಾಗಿ ಆ ಗೋಡೆಗೆ ತೆಳ್ಳನೆಯ ಪಾಲಿಶ್ ಕಲ್ಲು ಹಚ್ಚಿಸಿದ್ದರು. ಅದನ್ನು ಹೇಳಿದಾಗ ಗನಿ, ಅದರ ಮೇಲೆ ಬೋಲ್ಟು ನಿಲ್ಲುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಇನ್ನೊಂದು ಫ್ರಾಸ್ಟ್ ಲೈನ್. ಕಂಬದ ಪಾಯ ಇದರ ಕೆಳಗೆ ಹೋಗಬೇಕೆಂದು ನಕಾಶೆಯಲ್ಲಿ ಬರೆದಿತ್ತು. ಮರಳುವಾಗ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿ ಹುಡುಕಿ ಅರ್ಥ ಓದಿ ಹೇಳಿದೆ. ಅನಸುಬಾಯಿ ವಾಡಿ ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತ ಒಬ್ಬರೇ ನಗುತ್ತಿದ್ದರು. ಅದು ಒಳ್ಳೆಯ ನಗುವಾಗಿರಲಿಲ್ಲ.

ಮುಂದಿನ ವಾರ ಸಾಯಿಕುಮಾರ ಬಂದಾಗ ಅವನನ್ನು ಹಿತ್ತಲಿನಲ್ಲಿಯೇ ನಿಲ್ಲಿಸಿಕೊಂಡರು. ‘ರಿ’ ಹೋಗಿತ್ತು.

“ತಮ್ಮಾ, ಈ ಫ್ರಾಸ್ಟ್ ಲೈನ್ ಅಂದ್ರೇನು?”

“ಅದು ಸ್ಟ್ಯಾಂಡರ್ಡ್ ಮೇಡಂ. ಎಲ್ಲಾ ಡೆಕ್ಕಿಗೂ ಇರ್ತದ.”

“ಥಂಡಿಗೆ ನೆಲ ಎಷ್ಟು ಆಳದ ತನಕ ಬರ್ಫ್ ಆಗ್ತದ, ಆ ಗೆರಿ. ಟೀಚರಬಾಯಿ ಹುಡುಕಿ ತಗದಾರ. ರಾವೂರಾಗ ಯಾವ ವರ್ಷ ನೆಲ ಬರ್ಫ್ ಆಗಿತ್ತು, ಅಷ್ಟು ಹೇಳು.”

ಆಗ ಮೇ ತಿಂಗಳು. ನಳದ ನೀರಿಗೆ ಕೈ ಒಡ್ಡಲು ಆಗುತ್ತಿರಲಿಲ್ಲ. ಸಾಯಿಕುಮಾರ ಹಣೆ ಒರೆಸಿಕೊಂಡು, ಡ್ರಾಯಿಂಗ್ ಮಾಡುವವರು ಹಾಕಿರಬೇಕು ಎಂದ. ಹಾಗಾದರೆ ನೀನು ಮಾಡಿದ್ದೇನು ಎಂದು ಅನಸುಬಾಯಿ ಕೇಳಲಿಲ್ಲ. ಲೆಡ್ಜರಿನ ಬೋಲ್ಟು ಯಾವುದನ್ನು ಹಿಡಿಯುತ್ತದೆ ಎಂದು ಕೇಳಿದರು. ಗೋಡೆಯನ್ನು ಎಂದ. ಅವರು ಬೆರಳ ಗಂಟಿನಿಂದ ಪಾಲಿಶ್ ಕಲ್ಲನ್ನು ಬಡಿದರು. ಟೊಳ್ಳು ಸದ್ದಾಯಿತು. ಅಡುಗೆಮನೆಯ ಹಳೆಯ ಚಾಕು ತಂದು ಸಂದಿಯಲ್ಲಿ ತೂರಿಸಿ ಮೀಟಿದರು. ಎರಡನೆಯ ಸಲಕ್ಕೇ ಕಲ್ಲು ತಟ್ಟೆಯಷ್ಟಗಲ ಕಳಚಿ ಬಂತು. ಅದನ್ನು ಅವನ ಕೈಗೆ ಕೊಟ್ಟರು.

“ಹಿಡಿ. ಇದರ ಮ್ಯಾಲ ಹತ್ತು ಮಂದಿನ ಕುಂದರಸಾಂವ ಇದ್ದಿ ನೀ.”

ಅವನು ಕಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡು ನಿಂತ. ಅಂಗಿಯ ತುಂಬ ಸಿಮೆಂಟಿನ ಪುಡಿ. ಸೈಟ್ ಕಂಡಿಷನ್ ಬೇರೆ ಇದೆ ಮೇಡಂ ಎಂದು ಮೆಲ್ಲನೆ ಅಂದ.

“ಸೈಟ್ ಕಂಡಿಷನ್ ಅಂದ್ರ ನೋಡಿಲ್ಲ ಅಂತ,” ಎಂದರು ಅನಸುಬಾಯಿ. “ಇದೊಂದ ಶಬ್ದಾ ನಾ ಯಾರಿಗೂ ಕೇಳಲಾರದ ಕಲ್ತೆ.”

ರಾಜರತ್ನ ಅವನಿಗೆ ಚಹಾ ಕುಡಿಸಿ ಕಳಿಸಿದರು. ಅಷ್ಟಕ್ಕೇ ಅವರಿಗೆ ಎರಡು ದಿನ ಬೈಗುಳ ತಪ್ಪಲಿಲ್ಲ.

ಕೆಲಸ ಗನಿಯ ಪಾಲಿಗೆ ಬಂತು. ಗೋಡೆಯ ಸಹವಾಸವೇ ಬೇಡ ಎಂದು ಅವನು ಗೋಡೆಯ ಪಕ್ಕದಲ್ಲಿ ಇನ್ನೊಂದು ಸಾಲು ಕಂಬ ನಿಲ್ಲಿಸಿದ. ಡೆಕ್ಕು ತನ್ನ ಕಾಲ ಮೇಲೆ ತಾನೇ ನಿಂತಿತು. ಒಂದು ಗೇಣು ಮಣ್ಣು ಕೆದರಿದರೆ ಬಂಡೆ, ಆದ್ದರಿಂದ ಬಂಡೆಯೇ ಪಾಯವಾಯಿತು. ಕಂಬದ ಬುಡ ನೀರಲ್ಲಿ ನೆನೆಯದಂತೆ ಕೆಳಗೆ ಕಲ್ಲಿನ ದಿಂಡು ಇಟ್ಟ. ತೊಲೆ, ಜಂತಿ, ಹಲಗೆ ಎಲ್ಲವೂ ಸುಲೇಪೇಟದಲ್ಲಿ ಬಿಚ್ಚಿದ ಒಂದು ಮನೆಯ ಸಾಗವಾನಿ.

ಹಲಗೆ ಬಡಿಯುವಾಗ ಒಂದು ಮಾತು ಬಂತು. ಸಾಯಿಕುಮಾರನ ನಕಾಶೆಯಲ್ಲಿ ಹಲಗೆ ಹಲಗೆಗಳ ನಡುವೆ ಸಂದಿ ಬಿಡಬೇಕೆಂದಿತ್ತು. ಗನಿಯೂ ಒಂದು ಮೊಳೆಯ ದಪ್ಪ ಬಿಡೋಣ ಎಂದ. ಅನಸುಬಾಯಿ ಕೇಳಲಿಲ್ಲ. ಆ ಕಾಗದದಲ್ಲಿರುವುದೆಲ್ಲ ಸುಳ್ಳು, ಸಂದಿ ಬಿಟ್ಟರೆ ಸೂಜಿ ಬೀಳುತ್ತದೆ, ಇರುವೆ ಏಳುತ್ತವೆ, ತಮ್ಮಪ್ಪನ ಅಟ್ಟದಲ್ಲಿ ಹಲಗೆಗಳು ಒತ್ತಿಯೇ ಇದ್ದವು ಎಂದರು. ಅಟ್ಟ ಮಾಳಿಗೆಯ ಒಳಗಿತ್ತು, ಅಲ್ಲಿ ಮಳೆ ಬೀಳುತ್ತಿರಲಿಲ್ಲ. ಇದು ನನಗೂ ಆಗ ಹೊಳೆಯಲಿಲ್ಲ. ಗನಿ ಒತ್ತಿ ಬಡಿದ.

ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ಯಿತು. ವರ್ಷಗಟ್ಟಲೆ ಒಣಗಿದ್ದ ಹಲಗೆಗಳು ನೀರು ಕುಡಿದು ಉಬ್ಬಿದವು. ಹಿಗ್ಗಲು ಜಾಗವಿಲ್ಲದೆ ಒಂದನ್ನೊಂದು ನೂಕಿದವು. ಐದನೆಯ ಬೆಳಿಗ್ಗೆ ನಡುವಿನ ಮೂರು ಹಲಗೆಗಳು ಮೊಳೆ ಕಿತ್ತುಕೊಂಡು ಗೂನುಬೆನ್ನಿನಂತೆ ಎದ್ದಿದ್ದವು. ರಾಜರತ್ನ ಎಡವಿ ಹೆಬ್ಬೆರಳ ಉಗುರು ಕಿತ್ತುಕೊಂಡರು. ಅನಸುಬಾಯಿ ಗಾಯ ತೊಳೆದು ಪಟ್ಟಿ ಕಟ್ಟಿದರು.

ಕೈ ತೊಳೆದು ಬಂದವರೇ ಸಾಯಿಕುಮಾರನಿಗೆ ಫೋನು ಹಚ್ಚಿದರು. ನೀನು ಬರೆದ ಸಂದಿಯ ಮಾತು ಖರೆ ಇತ್ತು, ನಾನು ತಪ್ಪಿದೆ, ಉಳಿದದ್ದು ಎಲ್ಲ ಕಚಡಾ ಎಂದು ಹೇಳಿದರು. ಅವನು ಸಂತೋಷದಿಂದ ಎಕ್ಸ್‌ಪಾನ್ಶನ್ ಎಂದು ಶುರುಮಾಡಿದ. ಹಿಗ್ಗೂದು ಅನ್ನು ಎಂದು ಹೇಳಿ ಫೋನು ಇಟ್ಟರು.

ಗನಿ ಬಂದು ಹಲಗೆಗಳನ್ನೆಲ್ಲ ಬಿಚ್ಚಿದ. ಒಣಗಿದ ಮೇಲೆ ಅಂಚು ಹೆರೆದು, ನಡುವೆ ಮೊಳೆ ಇಟ್ಟು ಅಳೆದು ಮತ್ತೆ ಕೂಡಿಸಿದ.

“ನಾ ಹೇಳಿದ್ನಿ, ನರ್ಸಬಾಯಿ.”

“ಜೋರಾಗಿ ಹೇಳಬೇಕಿತ್ತು, ಗನಿಸಾಬ.”

“ನಿಮ್ಮ ಮುಂದ ಜೋರಾಗಿ ಯಾರು ಹೇಳ್ತಾರ್ರಿ?”

ಅನಸುಬಾಯಿ ಒಳಗೆ ಹೋಗಿ ಅವನಿಗೆ ಊಟಕ್ಕೆ ಹಾಕಿದರು, ಬಡಿಸುವಾಗ ರೊಟ್ಟಿಯ ಮೇಲೆ ತುಪ್ಪ ಸ್ವಲ್ಪ ಹೆಚ್ಚೇ ಬಿತ್ತು.

ಡೆಕ್ಕಿಗೆ ಈಗ ಮೂರನೆಯ ಮಳೆಗಾಲ. ಹಲಗೆಗಳು ಬೂದಿಬಣ್ಣಕ್ಕೆ ತಿರುಗಿವೆ, ಎದ್ದಿಲ್ಲ. ಊರಲ್ಲಿ ಮನೆ ಕಟ್ಟಿಸುವವರು ಇಂಜಿನಿಯರ ಕೊಟ್ಟ ಕಾಗದ ಹಿಡಿದು ಸಂಜೆ ಅಲ್ಲಿಗೆ ಬರುತ್ತಾರೆ. ಅನಸುಬಾಯಿ ಕನ್ನಡಕ ಹಾಕಿಕೊಂಡು ಒಂದೊಂದು ಮಾತನ್ನೂ ಓದಿ, ತಿಳಿದದ್ದಕ್ಕೆ ಅರ್ಥ ಹೇಳುತ್ತಾರೆ, ತಿಳಿಯದ್ದರ ಕೆಳಗೆ ಗೆರೆ ಎಳೆದು ಕೊಟ್ಟವನನ್ನೇ ಕೇಳಿ ಬನ್ನಿ ಎಂದು ಕಳಿಸುತ್ತಾರೆ. ಕೇಳಲು ನಾಚಿಕೆಪಟ್ಟು ಸುಮ್ಮನೆ ಮರಳಿ ಬಂದವರಿಗೆ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ.