ಟ್ವೈಲಾ ಕೇಳದೆ ಬಂದ ಪ್ರಶ್ನೆ

ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹಿರಿಯ ಚಿಕಿತ್ಸಕಿ ಆರ್ಡಿತ್ ಕೂಮ್ಸ್ ಎಂದರೆ ಹೆದರಿಕೆ. ಟ್ವೈಲಾ ಹೆನ್ಸ್ಲಿಗೆ ಎಲ್ಲರಿಗಿಂತ ಹೆಚ್ಚು. ಪ್ರತಿ ಗುರುವಾರ ಮಧ್ಯಾಹ್ನ ಆರ್ಡಿತ್‌ರ ಕೋಣೆಗೆ ಹೋಗುವ ಮುಂಚೆ ಅವಳು ನನ್ನ ಮೇಜಿನ ಬಳಿ ನಿಂತು, ಬೇಕಿಲ್ಲದಿದ್ದರೂ ನೀರು ಕುಡಿಯುತ್ತಿದ್ದಳು.

ಪೂರ್ವ ಕೆಂಟಕಿಯ ಬೆಟ್ಟಗಳ ನಡುವಿನ ಊರು ನಮ್ಮದು. ಗಣಿಗಳು ಮುಚ್ಚಿದ ಮೇಲೆ ಇಲ್ಲಿ ತುಂಬಿದ್ದೆಂದರೆ ನಮ್ಮ ಮಾನಸಿಕ ಆರೋಗ್ಯದ ಕ್ಲಿನಿಕ್ಕು ಒಂದೇ. ಬಂದವರ ಹೆಸರು ಬರೆದುಕೊಂಡು ಕೂರಿಸುವುದು ನನ್ನ ಕೆಲಸ. ಟ್ವೈಲಾ ಬಹಳ ವರ್ಷ ಶಾಲೆಯ ಬಸ್ಸು ಓಡಿಸಿದವಳು. ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಲೇ ಓದಿ, ನಲವತ್ತು ದಾಟಿದ ಮೇಲೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದಳು. ಆದರೆ ಓದು ಮುಗಿದರೆ ಸಾಲದು. ಸ್ವಂತವಾಗಿ ಜನರ ಮನಸ್ಸಿಗೆ ಚಿಕಿತ್ಸೆ ಕೊಡಬೇಕೆಂದರೆ ಅನುಭವಸ್ಥರೊಬ್ಬರ ಕಣ್ಗಾವಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಬೇಕು. ವಾರವಾರ ಅವರ ಎದುರು ಕೂತು, ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಒಪ್ಪಿಸಬೇಕು. ಕೊನೆಗೆ ಅವರು ಸಹಿ ಹಾಕಿದರೆ ಪರವಾನಗಿ, ಇಲ್ಲದಿದ್ದರೆ ಇಲ್ಲ. ಟ್ವೈಲಾಳಿಗೆ ಆ ಸಹಿ ಹಾಕಬೇಕಾದವರು ಆರ್ಡಿತ್. ಹಿಂದೆ ಒಬ್ಬ ಹುಡುಗಿಗೆ ಅವರು "ನೀನಿನ್ನೂ ತಯಾರಾಗಿಲ್ಲ" ಎಂದು ಮುಖದ ಮೇಲೆಯೇ ಹೇಳಿ ಕಳಿಸಿದ್ದು ಊರಿಗೆಲ್ಲ ಗೊತ್ತಿತ್ತು.

ಟ್ವೈಲಾಳ ಆ ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ನಡೆದದ್ದು ಇದು. ನಾನಿಲ್ಲದ ಕಡೆ ನಡೆದದ್ದನ್ನು ಟ್ವೈಲಾಳೇ ಆಮೇಲೆ ನನಗೆ ಹೇಳಿದಳು.

ಓರ್ವಿಲ್ ಸ್ಟಿಡಮ್ ಎಂಬ ಹಳೆಯ ಗಣಿಕಾರ್ಮಿಕ ಅವಳ ಬಳಿ ಬರುತ್ತಿದ್ದ. ಹೆಂಡತಿ ನೋಲಾ ತೀರಿಕೊಂಡ ಮೇಲೆ ಮಾತು ಕಡಿಮೆಯಾಗಿತ್ತು. ಎರಡು ಸಲ ಬರದೆ ತಪ್ಪಿಸಿಕೊಂಡಾಗ, ಆ ಗುರುವಾರ ಬೆಳಿಗ್ಗೆ ಟ್ವೈಲಾ ಬೆಟ್ಟದ ಮೇಲಿನ ಅವನ ಮನೆಗೇ ಹೋದಳು. ಓರ್ವಿಲ್ ಅಂದು ಗಡ್ಡ ಬೋಳಿಸಿಕೊಂಡು ಗೆಲುವಾಗಿದ್ದ. ಅಂಗಳದಲ್ಲಿ ಅವನ ನಾಯಿ ಬ್ಲೂ ಇರಲಿಲ್ಲ.

"ಬ್ಲೂ ಎಲ್ಲಿ?"

"ತಮ್ಮನ ಮನೇಗೆ ಕೊಟ್ಬಿಟ್ಟೆ ಕಣಮ್ಮ. ಅಲ್ಲಿ ಮಕ್ಳಿದಾವೆ, ಆಡ್ಕೊಂಡಿರುತ್ತೆ." ನೋಲಾ ಚಳಿಗಾಲಕ್ಕೆಂದು ಕೆಡದಂತೆ ಮುಚ್ಚಿಟ್ಟಿದ್ದ ಹುರುಳಿಕಾಯಿಯ ಗಾಜಿನ ಸೀಸೆಗಳನ್ನು ತಂದು ಅವಳ ಕೈಗಿತ್ತ. "ತಗೊಂಡ್ಹೋಗು. ನಂಗಿನ್ನು ಬೇಕಾಗಲ್ಲ."

ಸಾಯಲು ಹೊರಟವರು ಹೀಗೆ ತಮ್ಮದನ್ನೆಲ್ಲ ಹಂಚಿಬಿಡುವುದುಂಟೆಂದು ಟ್ವೈಲಾ ಓದಿದ್ದಳು. ಏನು ಕೇಳಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುತ್ತಿಬಳಸದೆ ಕೇಳಬೇಕು, ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಅನ್ನುವುದು ಸುಳ್ಳು ಎಂದು ಆರ್ಡಿತ್ ಎಷ್ಟೋ ಸಲ ಹೇಳಿದ್ದರು. ಆದರೆ "ಹೌದು" ಎಂದುಬಿಟ್ಟರೆ? ಆ ಒಂಟಿ ಮನೆಯಲ್ಲಿ ತಾನೊಬ್ಬಳೇ ಏನು ಮಾಡುವುದು? ಅವಳು ಕೇಳಲೇ ಇಲ್ಲ. "ಮುಂದಿನ ವಾರ ಬನ್ನಿ" ಎಂದು ಸೀಸೆಗಳನ್ನು ಹಿಡಿದು ಇಳಿದು ಬಂದಳು.

ಮಧ್ಯಾಹ್ನ ನನ್ನೆದುರು ನಿಂತು ಎರಡನೇ ಲೋಟ ನೀರು ತುಂಬಿಕೊಂಡಳು. ಹೇಳಿದರೆ ಸಹಿ ಹೋಯಿತು, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಳಗೆ ಹೋಗುವವರೆಗೂ ಅವಳು ಏನನ್ನೂ ತೀರ್ಮಾನಿಸಿರಲಿಲ್ಲವಂತೆ.

"ಓರ್ವಿಲ್ ಹೇಗಿದಾನೆ?" ಆರ್ಡಿತ್ ಕೇಳಿದರು.

"ಗೆಲುವಾಗಿದಾರೆ." ಆಮೇಲೆ ತಡೆಯಲಾಗಲಿಲ್ಲ. "ನಾಯೀನ ಕೊಟ್ಬಿಟ್ಟಿದಾರೆ, ಮಿಸ್ ಆರ್ಡಿತ್. ನೋಲಾನ ಸೀಸೆಗಳನ್ನೂ."

"ನೀನೇನು ಕೇಳ್ದೆ?"

"ಕೇಳ್ಲಿಲ್ಲ. ಹೆದ್ರಿಕೆ ಆಯ್ತು."

ಆರ್ಡಿತ್ ಬೈಯಲಿಲ್ಲ. ಓರ್ವಿಲ್‌ನ ಮನೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಬಾಗಿಲು ತೆರೆದು ನನ್ನ ಕಡೆ ತಿರುಗಿ, "ಶೆರೀಫರ ಆಫೀಸಿಗೆ ಹೇಳು, ಸ್ಟಿಡಮ್ ಮನೆ ಹತ್ರ ಬರ್ಲಿ. ಸೈರನ್ ಮಾತ್ರ ಹಾಕ್ಬಾರ್ದು" ಎಂದರು. ಟ್ವೈಲಾಳಿಗೆ, "ಕೋಟು ಹಾಕ್ಕೊ. ಗಾಡಿ ನೀನೇ ಓಡ್ಸು, ಆ ರಸ್ತೆ ನಿಂಗೇ ಚೆನ್ನಾಗ್ ಗೊತ್ತು."

ಬೆಟ್ಟದ ತಿರುವುಗಳಲ್ಲಿ ಬಸ್ಸನ್ನೇ ಓಡಿಸಿದ್ದ ಟ್ವೈಲಾಳಿಗೆ ಅಂದು ಸ್ಟೀರಿಂಗ್ ಕೈಗೆ ನಿಲ್ಲಲಿಲ್ಲ.

"ನನ್ನ ಸಹಿ ಬಗ್ಗೆ ಯೋಚಿಸ್ತಿದೀಯಾ?" ಆರ್ಡಿತ್ ಕೇಳಿದರು.

"ಹೌದು. ನಾಚ್ಕೆ ಆಗ್ತಿದೆ."

"ಆಮೇಲೆ ನಾಚ್ಕೊ. ಈಗ ರಸ್ತೆ ನೋಡು."

ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಡುಗೆಮನೆ ಒಪ್ಪವಾಗಿತ್ತು, ತಟ್ಟೆಗಳೆಲ್ಲ ತೊಳೆದು ಕವುಚಿದ್ದವು. ಕೂಗುತ್ತಾ ಇಬ್ಬರೂ ಹಿಂಬಾಗಿಲಿಗೆ ಬಂದರು. ಹಿತ್ತಲಲ್ಲಿ ಸೌದೆಯ ಕೊಟ್ಟಿಗೆ. ಅದರ ಬಾಗಿಲಲ್ಲಿ ಓರ್ವಿಲ್ ಕವುಚಿದ ಬಕೆಟ್ಟಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಬೇಟೆಯ ಬಂದೂಕು.

ಆರ್ಡಿತ್ ಅಲ್ಲೇ ನಿಂತರು. ಇನ್ನು ಅವರೇ ಮಾತಾಡುತ್ತಾರೆಂದು ಟ್ವೈಲಾ ಕಾದಳು. ಅವರು ಮೆಲ್ಲಗೆ ಹೇಳಿದ್ದಿಷ್ಟೇ: "ಅವನಿಗೆ ಗೊತ್ತಿರೋದು ನಿನ್ನ ಮುಖ. ಇಲ್ಲಿಂದ್ಲೇ ಕೇಳು, ನಾನಿದೀನಿ."

ಟ್ವೈಲಾ ನಿಂತಲ್ಲಿಂದಲೇ ಕೇಳಿದಳು.

"ಓರ್ವಿಲ್, ನೀವು ಸಾಯ್ಬೇಕು ಅಂದ್ಕೊಂಡಿದೀರಾ?"

ಅವನು ತಲೆ ಎತ್ತಿದ. "ಪಾದ್ರಿ ಧೈರ್ಯ ತಗೊ ಅಂದ್ರು. ತಮ್ಮನ ಹೆಂಡ್ತಿ ಉಣ್ಣು ಅಂದ್ಳು. ಇದನ್ನ ಯಾರೂ ಕೇಳ್ಲಿಲ್ಲ." ಮತ್ತೆ ನೆಲ ನೋಡಿದ. "ಹೌದಮ್ಮ."

"ಅದನ್ನ ಕೆಳಗಿಡ್ತೀರಾ?"

"ಇಟ್ರೆ ಆಸ್ಪತ್ರೆಗೆ ಎಳ್ಕೊಂಡ್ ಹೋಗ್ತೀರಿ."

ಇಲ್ಲ ಎನ್ನಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೋ! "ಹೌದು, ಕರ್ಕೊಂಡ್ ಹೋಗ್ತೀವಿ. ನಾನೂ ಜೊತೇಲಿ ಬರ್ತೀನಿ."

ಓರ್ವಿಲ್‌ನ ಕೈ ಬಂದೂಕಿನ ಮೇಲೆ ಅಲುಗಿತು. ಟ್ವೈಲಾ ಕಣ್ಣು ಮುಚ್ಚಿಕೊಳ್ಳಲಿಲ್ಲ, ಆದರೆ ಆ ಕ್ಷಣ ಏನು ನೋಡಿದೆನೆಂದು ಅವಳಿಗೆ ಇಂದಿಗೂ ನೆನಪಿಲ್ಲ. ನೆನಪಿರುವುದು ಬಂದೂಕು ಸೌದೆಯ ಮೇಲೆ ಇಟ್ಟ ಸದ್ದು. ಓರ್ವಿಲ್ ಎದ್ದು ಅದರಿಂದ ದೂರ ಬಂದು, ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ನಿಂತ. ಅಷ್ಟರಲ್ಲಿ ಶೆರೀಫರ ಕಡೆಯ ಪೊಲೀಸಿನವನು ಅಂಗಳಕ್ಕೆ ಬಂದಿದ್ದ.

ಓರ್ವಿಲ್ ಉಳಿದ. ಬಂದೂಕು ತಮ್ಮನ ಮನೆಯ ಬೀಗದೊಳಗೆ ಸೇರಿತು. ಆಸ್ಪತ್ರೆಗೆ ಕಳಿಸಿದ್ದಕ್ಕೆ ಸಿಟ್ಟಾಗಿ ಚಳಿಗಾಲವೆಲ್ಲ ಟ್ವೈಲಾಳ ಮುಖ ನೋಡಲಿಲ್ಲ, ಆರ್ಡಿತ್‌ರ ಬಳಿಯೇ ಬರುತ್ತಿದ್ದ.

ಆರ್ಡಿತ್ ಸಹಿ ಹಾಕಲಿಲ್ಲ.

"ಬಂದು ನಿಜ ಹೇಳಿದ್ದು, ಕೊನೇಗೆ ಕೇಳಿದ್ದು, ಅದು ದೊಡ್ಡದು ಕಣೆ. ಆದ್ರೆ ಬೆಳಿಗ್ಗೆ ಕೇಳ್ದೇನೆ ಬಂದ್ಯಲ್ಲ. ನಾಳೆ ಒಬ್ಳೇ ಕೂತಾಗ ಯಾರ ಹತ್ರ ಓಡ್ಬರ್ತೀಯಾ? ಇನ್ನೊಂದು ಚಳಿಗಾಲ ನನ್ನ ಜೊತೆ ಇರು."

ಟ್ವೈಲಾ ನನ್ನ ಮೇಜಿನ ಹಿಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಬಿಟ್ಟುಹೋಗುತ್ತಾಳೆಂದೇ ನಾನು ಅಂದುಕೊಂಡೆ. ಮುಂದಿನ ಗುರುವಾರ ಮತ್ತೆ ಬಂದು ನೀರು ಕುಡಿದು ಒಳಗೆ ಹೋದಳು. ಚಳಿಗಾಲ ಕಳೆದ ಮೇಲೆ ಆರ್ಡಿತ್ ಮರುಮಾತಿಲ್ಲದೆ ಸಹಿ ಹಾಕಿದರು.

ಈಗ ಅವಳದೇ ಕೋಣೆ, ಔಷಧಿ ಅಂಗಡಿಯ ಮಹಡಿಯಲ್ಲಿ. ಭಯ ಹೋಯಿತೇ ಎಂದು ಕೇಳಿದೆ. "ಇಲ್ವೇ ಇಲ್ಲ, ಜಾಸ್ತಿಯಾಗಿದೆ" ಎಂದಳು. ಸಿಟ್ಟು ಇಳಿದ ಓರ್ವಿಲ್ ಅಲ್ಲಿಗೂ ಬರತೊಡಗಿದ್ದಾನೆ. ಮೊದಲ ದಿನ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, "ನನ್ನ ಸಾಯಿಸ್ಬೇಕು ಅಂತಾನೇ ಇಷ್ಟ್ ಮೇಲೆ ಆಫೀಸ್ ಮಾಡಿದೀಯಾ?" ಎಂದನಂತೆ.

ಟ್ವೈಲಾ ನಗಲಿಲ್ಲ. "ತಮಾಷೆಗೆ ಅಂದ್ರಾ, ನಿಜವಾಗ್ಲೂ ಅಂದ್ರಾ?"

"ತಮಾಷೆಗೆ ಕಣಮ್ಮ! ನಿನ್ಹತ್ರ ಒಂದ್ ಮಾತೂ ಆಡಂಗಿಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. ಅವಳು ತಣ್ಣಗಾಗಿದ್ದ ತನ್ನ ಕೈಗಳನ್ನು ಮೇಜಿನ ಕೆಳಗೆ ಉಜ್ಜಿಕೊಳ್ಳುತ್ತಾ, ವಾರವೆಲ್ಲ ನಿದ್ದೆ ಹೇಗಿತ್ತೆಂದು ಕೇಳಲು ಶುರುಮಾಡಿದಳು.