ಅಣ್ಣನ ಬ್ಯಾಟರಿಗೆ ಶುದ್ಧವಾದ ನೀರು

ಗಂಜಾಂನ ನಮ್ಮ ಬೀದಿಗೆ ಇಂಟರ್ನೆಟ್ ತಂದವನು ನಾನು. ಇದನ್ನು ಈಗ ಯಾರೂ ನೆನೆಯುವುದಿಲ್ಲ, ಅದಕ್ಕೇ ಮೊದಲೇ ಬರೆದಿಡುತ್ತಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಮೇಲ್ ಕಳಿಸಬೇಕಾದವರೆಲ್ಲ ಚೀಟಿ ಹಿಡಿದು ನನ್ನ ಜಗಲಿಯಲ್ಲಿ ಕೂರುತ್ತಿದ್ದರು. ನಾನೂ ಸ್ವಲ್ಪ ಬೀಗುತ್ತಿದ್ದೆ.

ಆರು ತಿಂಗಳಿಗೆ, ಗೋಡೆಯಾಚೆ ಮನೆಯಲ್ಲಿದ್ದ ಅಣ್ಣನೂ ಕಂಪ್ಯೂಟರ್ ತಂದ. ತರಲಿ. ಆದರೆ ಇನ್ವರ್ಟರ್ ಕೂರಿಸಿ, ಅದಕ್ಕೊಂದು ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿಬಿಟ್ಟ. ಸಂಜೆ ಆರಕ್ಕೆ ಕರೆಂಟ್ ಹೋಗುತ್ತಿತ್ತು. ಟೆಲಿಫೋನಿಗೆ ಜೀವವಿದ್ದರೂ ನನ್ನ ಮೋಡೆಮ್ಮು ಕಣ್ಣು ಮುಚ್ಚುತ್ತಿತ್ತು. ಆಚೆ ಮನೆಯ ಮೋಡೆಮ್ಮು ಕಿರ್ರೋ ಎಂದು ಕೂಗಿ ಲೈನ್ ಹಿಡಿಯುತ್ತಿತ್ತು. ಜಗಲಿಯಲ್ಲಿದ್ದವರು ಎದ್ದು ಆ ಕಡೆ ನಡೆಯುತ್ತಿದ್ದರು. ಒಂದು ಸಂಜೆ ನನ್ನ ಹೆಂಡತಿಯೇ, ಮಸ್ಕತ್ತಿನಲ್ಲಿ ನರ್ಸಾಗಿದ್ದ ತಂಗಿಗೆ ಬರೆಯಲು ಅಲ್ಲಿಗೆ ಹೋದಳು. ಹೊಟ್ಟೆ ಉರಿದುಹೋಯಿತು. ನಾನೂ ಒಂದು ಬ್ಯಾಟರಿ ತರಬಹುದಿತ್ತು, ಆದರೆ ಅಣ್ಣನನ್ನು ನೋಡಿ ತಂದ ಎಂದಾಗುತ್ತಿತ್ತಲ್ಲ!

ಅಣ್ಣನಿಗೆ ಡೇರಿಯಲ್ಲಿ ಕೆಲಸ. ಮೂರು ತಿಂಗಳ ಮಟ್ಟಿಗೆ ಕೆ.ಆರ್. ಪೇಟೆಗೆ ಹಾಕಿದಾಗ, ಅವ್ವನನ್ನು ಮನೆಯಲ್ಲಿ ಬಿಟ್ಟು ಸಂಸಾರದೊಂದಿಗೆ ಹೊರಟ.

"ಬ್ಯಾಟ್ರಿ ನೋಡ್ಕೊ ಕಣ್ಲಾ. ನೀರು ಇಳಿದ್ರೆ ಅಂಗಡೀಲಿ ಸಿಗೋ ಶುದ್ಧ ನೀರು ತಂದಾಕು. ಬ್ಯಾರೆ ನೀರು ಬಿದ್ರೆ ಕೆಟ್ಟೋಯ್ತದೆ" ಎಂದ.

ನಾನು ಅವ್ವನಿಗೆ, "ಬ್ಯಾಟ್ರಿಗೆ ಶುದ್ಧವಾದ ನೀರು ಹಾಕ್ಬೇಕಂತೆ ಕಣವ್ವ" ಎಂದೆ. ಅಂಗಡಿ ಎಂಬ ಮಾತನ್ನು ನುಂಗಿಕೊಂಡೆ. ಮರೆತುಹೋಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಅವ್ವನಿಗೆ ಶುದ್ಧವಾದ ನೀರು ಎಂದರೆ ಒಂದೇ. ಮಿಂದು, ನಿಮಿಷಾಂಬನ ಗುಡಿಯ ಮೆಟ್ಟಿಲಿಳಿದು, ಕಾವೇರಿಯಲ್ಲಿ ತಾಮ್ರದ ಚೊಂಬು ತುಂಬಿಕೊಂಡು ಯಾರೊಂದಿಗೂ ಮಾತಾಡದೆ ಬರುತ್ತಿದ್ದಳು. ಬ್ಯಾಟರಿಯ ಆರು ಬಾಯಿಗೂ ಸಮನಾಗಿ ಬಿಟ್ಟು ಕೈಮುಗಿಯುತ್ತಿದ್ದಳು. ನಾನು ಪೇಪರ್ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದೆ.

ಅಣ್ಣ ವಾಪಸ್ ಬಂದ ವಾರದಲ್ಲೇ ಬ್ಯಾಟರಿ ಕೈಕೊಟ್ಟಿತು. ಕರೆಂಟ್ ಹೋದ ಐದು ನಿಮಿಷಕ್ಕೆ ಅವನ ಮೋಡೆಮ್ಮೂ ತಣ್ಣಗಾಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಮೆಕ್ಯಾನಿಕ್ಕು ಮುಚ್ಚಳ ತೆಗೆದು, "ಯಾವ ಕೊಳಕು ನೀರು ಉಯ್ದ್ರಿ ಸ್ವಾಮಿ, ಒಳಗೆಲ್ಲ ಹಾಳಾಗೋಗದೆ" ಎಂದ. ಅಣ್ಣ ನನ್ನ ಕಡೆ ತಿರುಗುವಷ್ಟರಲ್ಲಿ ಅವ್ವ ಮುಂದೆ ಬಂದಳು.

"ನಾನೇ ಕಣಪ್ಪ ಉಯ್ದೋಳು. ಅಮ್ಮನ ಪಾದದ ನೀರು ಕೊಳಕಾ?" ನನ್ನನ್ನು ಕೇಳಿದಳು: "ಓದ್ದೋನು ನೀನು, ಯೋಳ್ಲಾ. ಶುದ್ಧವಾದ ನೀರು ಅಂತ ತಾನೆ ಇವ ಯೋಳಿದ್ದು?"

ನಾನು ಬ್ಯಾಟರಿಯ ಮುಚ್ಚಳ ಎತ್ತಿಕೊಂಡು ತಿರುಗಿಸಿ ನೋಡತೊಡಗಿದೆ. ಅಣ್ಣ ಏನು ಹೇಳಿದ್ದನೆಂದು ನಮ್ಮಿಬ್ಬರಿಗೇ ಗೊತ್ತಿತ್ತು. ಅವನು ಒಂದು ಗಳಿಗೆ ನನ್ನನ್ನೇ ನೋಡಿದ.

"ಅಷ್ಟೇ ಕಣವ್ವ ಯೋಳಿದ್ದು. ಅಂಗಡಿ ನೀರು ಅನ್ನೋದ ನಾನೇ ಮರ್ತ್ಬುಟ್ಟೆ" ಎಂದ.

ಅವ್ವ ಕಣ್ಣೊರೆಸಿಕೊಂಡು ಅವನ ತಲೆ ಸವರಿದಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.