ತವರಿನಿಂದ ಬಂದ ಮೀನು

ನಮ್ಮ ಮನೆಗೆ ಮೀನು ಬರುವುದೇನೂ ಹೊಸದಲ್ಲ. ಹನಗೋಡಿನ ಕಡೆಯಿಂದ ಹೊಳೆಮೀನು ಬರುತ್ತದೆ, ಕೆರೆಗೆ ಬಲೆ ಬಿಟ್ಟ ದಿನ ಕೆರೆಮೀನು ಬರುತ್ತದೆ. ಬಂದದ್ದೆಲ್ಲ ಅವ್ವನ ಕೈಗೆ ಸಿಕ್ಕಿ, ಬೂದಿ ಹಚ್ಚಿಸಿಕೊಂಡು, ಕಲ್ಲಿಗೆ ಉಜ್ಜಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಹುಳಿಸಾರಿಗೆ ಇಳಿಯುತ್ತದೆ. ಬಂದು, ಉಳಿದುಕೊಂಡು, ನನ್ನ ಪ್ರಾಣ ಹಿಂಡಿದ ಮೀನು ಒಂದೇ. ಅದು ನನ್ನ ಹೆಂಡತಿಯ ತವರಿನಿಂದ ಬಂತು.

ಕೆ.ಆರ್. ನಗರದಲ್ಲಿ ಬಾಮೈದ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಹೋಗಿದ್ದೆವು. ಅಲ್ಲಿ ಟಿ.ವಿ. ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಒಂಟಿ ಮೀನು. ಹೆಬ್ಬೆರಳಷ್ಟು ಮೈ, ನೇರಳೆಹಣ್ಣಿನ ಬಣ್ಣ, ಮೈಗಿಂತ ದೊಡ್ಡ ಬಾಲ. ಊಟಕ್ಕೆ ಎಲೆ ಹಾಕಿದ್ದರೂ ನನ್ನ ಹೆಂಡತಿ ಅದರ ಮುಂದಿನಿಂದ ಏಳಲಿಲ್ಲ. "ಎಷ್ಟ್ ಚೆಂದಾಗೈತೆ ಕಣೋ" ಎಂದು ತಮ್ಮನಿಗೆ ಮತ್ತೆ ಮತ್ತೆ ಹೇಳಿದಳು. ಹೊರಡುವಾಗ ಅವಳಿಗೆ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ, ರವಿಕೆ ಬಟ್ಟೆ. ಅದೆಲ್ಲದರ ಮೇಲೆ ಬಾಮೈದ ಒಂದು ಉಪ್ಪಿನಕಾಯಿ ಬಾಟ್ಲಿ ತಂದಿಟ್ಟ. ಒಳಗೆ ಆ ಮೀನು.

"ಅಕ್ಕ ಇಷ್ಟಪಟ್ಟೈತೆ, ತಕ್ಕಂಡೋಗ್ಲಿ ಬುಡಿ ಭಾವ. ಬೆಟ್ಟಾ ಅಂತಾರೆ ಇದಕ್ಕೆ. ಏನೂ ತೊಂದ್ರೆ ಇಲ್ಲ, ಅದರ ಪಾಡಿಗೆ ಅದಿರ್ತದೆ" ಎಂದ.

ಏನೂ ತೊಂದರೆ ಇಲ್ಲ ಎಂದು ಯಾರಾದರೂ ಹೇಳಿದ ತಕ್ಷಣ ನನಗೆ ತೊಂದರೆ ಶುರುವಾಗುತ್ತದೆ. ಬಸ್ಸಿನಲ್ಲಿ ಮಡಿಲಕ್ಕಿ ಅವಳ ತೊಡೆಯ ಮೇಲೆ, ಬಾಟ್ಲಿ ನನ್ನ ತೊಡೆಯ ಮೇಲೆ. ಮುಚ್ಚಳ ಬಿಗಿಯಾಗಿದ್ದರೆ ಮೀನಿಗೆ ಉಸಿರು ಕಟ್ಟೀತು, ಸಡಿಲವಾಗಿದ್ದರೆ ನೀರು ಚೆಲ್ಲೀತು. ಹುಣಸೂರು ಬರುವವರೆಗೂ ತಿರುಗಿಸಿ ಬಿಚ್ಚುವುದು, ತಿರುಗಿಸಿ ಮುಚ್ಚುವುದು. ಎದುರು ಸೀಟಿನ ಅಜ್ಜಿ ಇದನ್ನು ನೋಡಿ, ಇದೇನೋ ಘಳಿಗೆಗೊಂದು ಗುಟುಕು ತೆಗೆದುಕೊಳ್ಳುವ ಔಷಧಿ ಎಂದುಕೊಂಡು ಕನಿಕರದಿಂದ ಮುಖ ತಿರುಗಿಸಿತು.

"ಅದಕ್ಕೆ ಉಸ್ರು ಕಟ್ಟಿಲ್ಲ ಕಣ್ರೀ, ನಿಮಗೆ ಕಟ್ಟೈತೆ" ಎಂದಳು ಹೆಂಡತಿ.

ಪಿರಿಯಾಪಟ್ಟಣದಲ್ಲಿ ಇಳಿದು ಊರು ಮುಟ್ಟಿದಾಗ ಅವ್ವ ಜಗಲಿಯ ಮೇಲೆ ಕೂತಿತ್ತು. ಬಾಟ್ಲಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿತು.

"ಒಂದೇನ್ಲಾ? ಒಗ್ಗರಣೆಗೂ ಸಾಕಾಗಕಿಲ್ವಲ್ಲ."

"ಸಾರಿಗಲ್ಲ ಕಣವ್ವ, ಸಾಕಕ್ಕೆ. ಬೆಟ್ಟಾ ಅಂತ."

"ಬೆಟ್ಟ ಇಷ್ಟೇನಾ?"

ಆದರೆ ಅದು ಮಡಿಲಕ್ಕಿಯ ಜೊತೆ ಬಂದದ್ದು ಎಂದು ಸೊಸೆ ಹೇಳಿದ ಕೂಡಲೇ ಅವ್ವನ ಮುಖ ಬದಲಾಯಿತು. ನಮ್ಮ ಕಡೆ ತವರಿನವರು ಹೆಣ್ಣುಮಗಳಿಗೆ ಕರು ಕೊಡುವುದುಂಟು, ಕುರಿಮರಿ ಕೊಡುವುದುಂಟು. ಹಾಗೆ ಬಂದ ಜೀವಕ್ಕೆ ಗಂಡನ ಮನೆಯಲ್ಲಿ ಹೆಚ್ಚು ಕಡಿಮೆಯಾದರೆ ಅದು ತವರಿಗೆ ತಗಲುತ್ತದೆ ಎಂದು ನಂಬಿಕೆ. ಮೀನು ಕೊಟ್ಟವರು ಮಾತ್ರ ಇದುವರೆಗೆ ಯಾರೂ ಇರಲಿಲ್ಲ.

"ಅಂಗಂದ್ರೆ ಇದು ಇಲ್ಲಿ ಸಾಯಂಗಿಲ್ಲ ಕಣ್ಲಾ" ಎಂದಿತು ಅವ್ವ. "ಹೊಸ ಮನೆ ಬೇರೆ. ಸತ್ರೆ ನಿನ್ ಬಾಮೈದನ ಒಲೆ ಉರಿಯಲ್ಲ, ನೋಡ್ಕೋ."

ಹೆಂಡತಿ ಇಂಥದ್ದನ್ನು ನಂಬುವವಳಲ್ಲ, ಆದರೆ ತಮ್ಮನ ಮನೆಯ ವಿಷಯದಲ್ಲಿ ನಂಬದೆ ಇರುವಷ್ಟು ಧೈರ್ಯವೂ ಅವಳಿಗಿರಲಿಲ್ಲ. ಮೀನನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವೇ ನೋಡ್ಕೊಳ್ಳಿ. ನೀವು ಹೆಂಗೂ ಏನಕ್ಕಾದ್ರೂ ಹೆದರ್ಕೊಂಡೇ ಇರ್ತೀರಲ್ಲ. ಅದನ್ನೇ ಇದಕ್ಕೆ ಹೆದರ್ಕೊಳ್ಳಿ."

ನಾನು ಹೊಗೆಸೊಪ್ಪು ಬೆಳೆಯುವವನು. ಹೆದರಿಕೆ ನನ್ನ ಕಸುಬಿನ ಭಾಗ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದವಾಗಿ ಒಣಗಿಸಬೇಕು. ಶಾಖ ಸ್ವಲ್ಪ ಹೆಚ್ಚಾದರೆ ಸೊಪ್ಪು ಸುಟ್ಟಿತು, ಕಡಿಮೆಯಾದರೆ ಕಪ್ಪಾಯಿತು. ಕಿಂಡಿಯಲ್ಲಿ ಕಣ್ಣಿಟ್ಟು ಥರ್ಮಾಮೀಟರ್ ನೋಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ಹಾಗಾಗಿ ಬೆಟ್ಟಾಗೆ ಬೆಚ್ಚಗಿನ ನೀರು ಬೇಕು, ಚಳಿ ತಡೆಯುವುದಿಲ್ಲ ಎಂದು ಬಾಮೈದ ಫೋನಿನಲ್ಲಿ ಹೇಳಿದಾಗ, ಅಬ್ಬಾ, ಗೊತ್ತಿರುವ ಕೆಲಸವೇ ಸಿಕ್ಕಿತು ಅನ್ನಿಸಿತು.

ಹುಣಸೂರಿಗೆ ಹೋಗಿ ಗಾಜಿನ ತೊಟ್ಟಿ, ಸಣ್ಣ ಹೀಟರ್, ಕುಂಡದಲ್ಲಿ ನೆಟ್ಟ ಒಂದು ಪ್ಲಾಸ್ಟಿಕ್ ಗಿಡ, ಸಾಸಿವೆಯಂಥ ಕಾಳಿನ ಮೀನಿನ ಆಹಾರದ ಡಬ್ಬಿ ತಂದೆ. ಅಂಗಡಿಯವನು ನೀರೊಳಗೆ ಇಡುವುದಕ್ಕೆ ಒಂದು ಕೋಟೆಯನ್ನೂ ಕೊಡಲು ನೋಡಿದ. ಅದರ ಬುರುಜಿಗೆ ಬಾಲ ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಬೇಡವೆಂದೆ. ಮನೆಗೆ ಬಂದು ಬ್ಯಾರನ್ನಿನ ಥರ್ಮಾಮೀಟರನ್ನೇ ತೊಳೆದು ತೊಟ್ಟಿಗೆ ಇಳಿಬಿಟ್ಟೆ. ಅದು ಸೊಪ್ಪಿನ ದಂಟು ಒಣಗಿಸುವ ಶಾಖಕ್ಕೆ ಮಾಡಿದ್ದು. ಮೀನಿಗೆ ಬೇಕಾದ ಶಾಖ ಅದರ ಬುಡದಲ್ಲೆಲ್ಲೋ ಗೀಟಿನ ಸಂದಿಯಲ್ಲಿತ್ತು. ಅದನ್ನು ಓದಲು ನೆಲದ ಮೇಲೆ ಮಂಡಿಯೂರಿ ಕೂರಬೇಕಿತ್ತು.

ಪಕ್ಕದ ಮನೆಯಲ್ಲಿ ನನ್ನ ಗೆಳೆಯ ಇದ್ದಾನೆ, ಚಿಕ್ಕಂದಿನಿಂದ ಜೊತೆಗೆ ಬೆಳೆದವನು. ನಾನು ಮಂಡಿಯೂರಿದ್ದಾಗಲೇ ಒಳಗೆ ಬಂದ.

"ಏನ್ಲಾ, ಮೀನಿಗೆ ಅಡ್ಡ ಬಿದ್ದಿದ್ದೀಯ?"

"ಶಾಖ ನೋಡ್ತಿದ್ದೀನಿ ಕಣೋ."

"ದಂಟು ಒಣಗ್ತಾ?"

ನಲ್ಲಿ ನೀರಿಗೆ ಪಂಚಾಯಿತಿಯವರು ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಒಂದು ದಿನ ಹಿಡಿದಿಟ್ಟು ಬಿಡಬೇಕು ಎಂದು ಬಾಮೈದ ಹೇಳಿದ್ದ. ಒಂದು ಬಕೆಟ್ ಸಾಕಿತ್ತು. ನಾನು ನಡುಮನೆಯ ಗೋಡೆಗುಂಟ ಮೂರು ಬಕೆಟ್ ತುಂಬಿಟ್ಟು ತಟ್ಟೆ ಮುಚ್ಚಿದೆ. ಒಂದಕ್ಕೆ ಹಲ್ಲಿ ಬಿದ್ದರೆ ಇನ್ನೊಂದು, ಅದಕ್ಕೂ ಬಿದ್ದರೆ ಮತ್ತೊಂದು. ಅವ್ವ ದಿನಾ ಒಂದಕ್ಕಾದರೂ ಕಾಲು ಎಡವಿ, "ಮದುವೆ ಮನೆ ಮಾಡ್ಬುಟ್ಟವ್ನೆ" ಎಂದು ಬೈಯುತ್ತಿತ್ತು.

ಮೀನು ಮಾತ್ರ ರಾಜನ ಹಾಗೆ ಇತ್ತು. ಬೆಳಿಗ್ಗೆ ಗಾಜಿನ ಹತ್ತಿರ ಹೋದರೆ ಓಡಿ ಬರುತ್ತಿತ್ತು. ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗಿ ಕೆಳಗಿಳಿಯುತ್ತಿತ್ತು. ಮೊದಲ ದಿನ ಅದನ್ನು ನೋಡಿ ಸಾಯುತ್ತಿದೆ ಎಂದು ಬಾಮೈದನಿಗೆ ಫೋನ್ ಮಾಡಿದ್ದೆ. ಅದರ ಜಾತಿಯೇ ಹಾಗೆ, ನೀರಲ್ಲಿದ್ದರೂ ಆಗಾಗ ಮೇಲೆ ಬಂದು ಉಸಿರಾಡುತ್ತದೆ ಎಂದ. ನನ್ನ ಹೆಂಡತಿ ಕನ್ನಡಿ ತೋರಿಸಿದರೆ ಕಿವಿರು ಅಗಲಿಸಿ, ಬಾಲ ಬಿಚ್ಚಿ, ಒಳಗಿರುವವನ ಮೇಲೆ ಜಗಳಕ್ಕೆ ಹೋಗುತ್ತಿತ್ತು. "ಥೇಟ್ ನಿಮ್ ಅಣ್ಣತಮ್ಮಂದ್ರು" ಎಂದಳು. ಜಮೀನು ಭಾಗವಾದ ದಿನ ನೆನಪಾಗಿ ನಾನು ಕನ್ನಡಿಯನ್ನು ತೆಗೆದು ಬೋರಲು ಹಾಕಿದೆ.

ಹೀಗೆ ನೆಮ್ಮದಿಯಾಗಿರುವಾಗ ಸೊಪ್ಪು ಗ್ರೇಡ್ ಮಾಡುವ ಕಾಲ ಬಂತು. ಒಣಗಿದ ಎಲೆಗಳನ್ನು ಬಣ್ಣ ನೋಡಿ, ಹದ ನೋಡಿ ಬೇರೆ ಬೇರೆ ಮಾಡಿ ಕಟ್ಟುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಶೆಡ್ಡಿನಲ್ಲಿ ಕೂತು ಎಲೆ ಬಿಡಿಸುತ್ತೇವೆ. ಕೈಗೆ ಕಂದು ಅಂಟು ಹತ್ತುತ್ತದೆ. ಆ ಕೈಯಲ್ಲಿ ಅನ್ನ ಮುಟ್ಟಿದರೆ ಅನ್ನ ಕಹಿ. ಹುಣಸೆಹಣ್ಣು ಉಜ್ಜಿ, ಮೇಲೆ ಬಟ್ಟೆ ಸೋಪು ಹಾಕಿ ತೊಳೆಯದೆ ನಮ್ಮಲ್ಲಿ ಯಾರೂ ಹಾಲಿನ ಪಾತ್ರೆ ಮುಟ್ಟುವುದಿಲ್ಲ, ಎಳೆ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಎಮ್ಮೆ ಕೂಡ ಆ ಕೈ ಅದ್ದಿದ ಬಕೆಟ್ಟಿಗೆ ಮೂತಿ ಇಡುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು.

ಆ ದಿನ ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದು ತೊಟ್ಟಿಯ ಕಡೆ ನೋಡಿದೆ. ಮೀನು ಓಡಿ ಬರಲಿಲ್ಲ. ತಳದಲ್ಲಿ, ಗಿಡದ ಕುಂಡದ ಪಕ್ಕ, ಒಂದು ಮಗ್ಗುಲಿಗೆ ವಾಲಿಕೊಂಡು ಬಿದ್ದಿತ್ತು. ಬಣ್ಣ ಮಾಸಿತ್ತು. ಬಾಲ ಒದ್ದೆ ಬಟ್ಟೆಯ ಹಾಗೆ ಮುದುಡಿತ್ತು.

"ಅವ್ವಾ!" ಎಂದು ಕೂಗಿದ್ದಕ್ಕೆ ಅವ್ವ ಬಂತು, ಗೆಳೆಯ ಬಂದ, ಸೊಪ್ಪು ಬಿಡಿಸುತ್ತಿದ್ದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಮಂಡಿಯೂರಿ ಶಾಖ ನೋಡಿದೆ, ಸರಿ ಇತ್ತು. ಹೀಟರಿನಿಂದ ಕರೆಂಟು ಹೊಡೆದಿರಬಹುದೇ? ಶುಕ್ರವಾರ ಅವ್ವ ಹಾಕಿದ ಧೂಪ ಹೆಚ್ಚಾಯಿತೇ? ಕನ್ನಡಿ ನೋಡಿ ನೋಡಿ ಎದೆ ಒಡೆಯಿತೇ?

"ಕಣ್ಣಾಗೈತೆ. ಬಂದೋರೆಲ್ಲ ಚೆಂದಾಗೈತೆ ಚೆಂದಾಗೈತೆ ಅಂದ್ರಲ್ಲ" ಎಂದು ಅವ್ವ ಉಪ್ಪು ಮೆಣಸಿನಕಾಯಿ ತಂದು ತೊಟ್ಟಿಗೆ ದೃಷ್ಟಿ ತೆಗೆಯಿತು.

"ಓಗ್ಬುಡ್ತು ಬುಡ್ಲಾ" ಎಂದ ಗೆಳೆಯ. "ಬೇರೆ ಮೀನು ತಂದು ಬುಡು. ಯಾರಿಗ್ ಗೊತ್ತಾಗ್ತದೆ?"

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಬಾಮೈದನ ವಿಡಿಯೋ ಕಾಲ್. ಗಾಬರಿಯಲ್ಲಿ ಒತ್ತಿಬಿಟ್ಟೆ.

"ಭಾವ, ಎಂಗವ್ನೆ ನಮ್ ಹುಡುಗ? ತೋರ್ಸಿ ಸ್ವಲ್ಪ."

"ಮಲಗವ್ನೆ" ಎಂದೆ.

"ಮಧ್ಯಾಹ್ನಾನಾ?"

"ನಮ್ಮನೇಲಿ ಎಲ್ರೂ ಉಂಡು ಒಂದು ಗಳಿಗೆ ಮಲಗ್ತೀವಿ ಕಣಪ್ಪ" ಎಂದು ಫೋನ್ ಇಟ್ಟೆ.

ಹೆಂಡತಿ ಅಂಗಡಿ ಬೀದಿಯಿಂದ ಬಂದವಳು ಬಾಗಿಲಲ್ಲಿದ್ದ ಗುಂಪನ್ನು ಸರಿಸಿಕೊಂಡು ಒಳಗೆ ಬಂದಳು. ಮೀನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಆದರೆ ಅವಳು ನನ್ನ ಹಾಗೆ ಕೂಗಾಡಲಿಲ್ಲ. ಬಗ್ಗಿ ನೀರಿನ ಮೇಲೆ ಮೂಗು ಇಟ್ಟಳು. ತೊಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಕಂದು ಬಣ್ಣದಲ್ಲಿ ನಾಲ್ಕು ಬೆರಳಿನ ಗುರುತು ಎದ್ದು ಕಾಣುತ್ತಿತ್ತು.

"ನೀರಿಗೆ ಕೈ ಹಾಕಿದ್ರಾ?"

"ಗಿಡ ವಾಲ್ಕೊಂಡಿತ್ತು ಕಣೇ. ಮೀನಿನ ಮೇಲೆ ಬಿದ್ದಾತು ಅಂತ..."

"ಯಾವಾಗ?"

"ಇವತ್ತು. ನಿನ್ನೆನೂ ಸ್ವಲ್ಪ. ಮೊನ್ನೆ..."

"ಕೈ ತೋರ್ಸಿ."

ತೋರಿಸಿದೆ. ಮೊಣಕೈವರೆಗೆ ಸೊಪ್ಪಿನ ಅಂಟು. ಬಾಗಿಲಲ್ಲಿದ್ದ ಹೆಂಗಸೊಬ್ಬಳು "ಅಯ್ಯೋ ಶಿವನೇ" ಎಂದಳು. ಸೊಪ್ಪು ನೆನೆಸಿದ ನೀರನ್ನು ಹುಳ ಸಾಯಲಿ ಎಂದು ಬದನೆ ಗಿಡಕ್ಕೆ ಹೊಡೆಯುತ್ತಿದ್ದವನು ನನ್ನ ಅಪ್ಪ. ಆ ಡಬ್ಬ ಹೊತ್ತು ಹಿಂದೆ ಹೋಗುತ್ತಿದ್ದವನು ನಾನು. ಕರೆಂಟಿಗೆ ಹೆದರಿದ್ದೆ, ಹಲ್ಲಿಗೆ ಹೆದರಿದ್ದೆ, ಇಲ್ಲದ ಕೋಟೆಗೂ ಹೆದರಿದ್ದೆ. ನನ್ನ ಕೈಗೆ ಹೆದರಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

"ಪಾಪ, ಮೂರು ದಿನದಿಂದ ಅದಕ್ಕೆ ಹೊಗೆಸೊಪ್ಪಿನ ಕಷಾಯ ಕುಡಿಸವ್ನೆ" ಎಂದ ಗೆಳೆಯ.

"ನೀವು ಅತ್ಲಾಗ್ ನಿಂತ್ಕೊಳ್ಳಿ" ಎಂದಳು ಹೆಂಡತಿ. "ಏನನ್ನೂ ಮುಟ್ಟಬ್ಯಾಡಿ. ಅತ್ತೆ, ಆ ದೊಡ್ಡ ಸ್ಟೀಲ್ ಪಾತ್ರೆ ತನ್ನಿ, ಚೆನ್ನಾಗ್ ತೊಳ್ದು."

ಹಿಡಿದಿಟ್ಟ ನೀರು ಎಲ್ಲಿ ಎಂದು ಯಾರೂ ಹುಡುಕಬೇಕಾಗಿರಲಿಲ್ಲ. ಇಡೀ ಮನೆ ಎಡವುತ್ತಿದ್ದ ಬಕೆಟ್ಟುಗಳಿದ್ದವು. ಒಂದಷ್ಟು ನೀರು ಪಾತ್ರೆಗೆ ಸುರಿದು, ಅದೇ ನೀರನ್ನು ಸ್ವಲ್ಪ ಕಾಯಿಸಿ ಬೆರೆಸಿದಳು. ಥರ್ಮಾಮೀಟರನ್ನು ತೊಳೆದು ಅವಳೇ ಹಿಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡು, ಮಂಡಿಯೂರಿ, ಗೀಟು ಓದಿದೆ. "ಇನ್ ಸ್ವಲ್ಪ ಬಿಸಿ. ಸಾಕು. ಸಾಕು ಅಂದೆ!" ಆಮೇಲೆ ಅವಳು ಸಾರಿನ ಸೌಟನ್ನು ತೊಳೆದು ತಂದು, ಮೀನಿನ ಕೆಳಗೆ ಮೆಲ್ಲಗೆ ಇಳಿಸಿ ಎತ್ತಿದಳು. ಆ ಸೌಟು ಅದುವರೆಗೆ ಎಷ್ಟು ಮೀನು ಎತ್ತಿತ್ತೋ. ಜೀವಂತ ಮೀನು ಇದೇ ಮೊದಲು.

ಹೊಸ ನೀರಿನಲ್ಲೂ ಅದು ತಳಕ್ಕೆ ಹೋಗಿ ಮಲಗಿತು. ಕಿವಿರು ಮಾತ್ರ ಸಣ್ಣಗೆ ಆಡುತ್ತಿತ್ತು. ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ನಾನು ಹೋಗಿ ಹುಣಸೆಹಣ್ಣು ಹಾಕಿ ಕೈ ಉಜ್ಜಿದೆ, ಸೋಪು ಹಾಕಿದೆ, ಮತ್ತೆ ಹುಣಸೆಹಣ್ಣು ಹಾಕಿದೆ. ಬಂದು ಪಾತ್ರೆಯಿಂದ ಒಂದು ಮಾರು ದೂರ ಕೂತೆ. ಹೆಂಡತಿ ಹತ್ತಿರ ಕೂತಿದ್ದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. "ಅವನು ಪ್ರೀತಿಯಿಂದ ಕೊಟ್ಟಿದ್ದ ಕಣ್ರೀ" ಎಂದಳು, ಅಷ್ಟೇ.

ನನಗೆ ಆಗ ಬಾಮೈದನ ಒಲೆಯ ಚಿಂತೆ ಹೋಗಿತ್ತು. ಬೆಳಿಗ್ಗೆ ಗಾಜಿನ ಹತ್ತಿರ ಹೋದರೆ ಓಡಿ ಬರುತ್ತಿದ್ದ ಮೀನು ಒಂದು ಸಲ ಎದ್ದು ಮೇಲೆ ಬಂದು ಗಾಳಿ ನುಂಗಲಿ ಅನ್ನುವುದಷ್ಟೇ ಉಳಿದಿತ್ತು.

ದನ ಮನೆಗೆ ಬರುವ ಹೊತ್ತಿಗೆ ಅದು ಎದ್ದಿತು. ಓರೆಯಾಗಿ, ಕುಡಿದವನ ಹಾಗೆ ತೂರಾಡುತ್ತಾ ಮೇಲೆ ಬಂತು. ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಇಳಿಯಿತು. ನಾನು ದೂರದಿಂದಲೇ ನನಗೇ ಗೊತ್ತಿಲ್ಲದೆ ಬಾಯಿ ತೆರೆದಿದ್ದೆ. ಹೆಂಡತಿ ಅದನ್ನು ನೋಡಿ ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮುಂದಿನ ದಿನಗಳಲ್ಲಿ ನನಗೆ ನೋಡುವ ಹಕ್ಕು ಮಾತ್ರ ಇತ್ತು. ತೊಟ್ಟಿ ತಿಕ್ಕಿದ್ದು, ನೀರು ಬದಲಾಯಿಸಿದ್ದು, ಆಹಾರ ಹಾಕಿದ್ದು ಎಲ್ಲ ಅವಳೇ. ಒಂದು ಬೆಳಿಗ್ಗೆ ಅವ್ವ ತೊಟ್ಟಿಯ ಮುಂದಿನಿಂದ ಕೂಗಿತು.

"ಬಾಯಲ್ಲಿ ನೊರೆ ಬತ್ತಾ ಐತೆ ಕಣ್ಲಾ! ವಿಷ ಏರೈತೆ!"

ಓಡಿಹೋಗಿ ನೋಡಿದೆ. ನೀರಿನ ಮೇಲೆ, ಮೂಲೆಯಲ್ಲಿ, ಬಿಳಿಯ ನೊರೆ. ಮೀನು ಬಾಯಿಂದ ಇನ್ನೂ ಒಂದೊಂದೇ ಗುಳ್ಳೆ ಬಿಡುತ್ತಿತ್ತು. ನಾನು ಬಾಮೈದನಿಗೆ ಫೋನ್ ಮಾಡಿದೆ. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಸೊಪ್ಪಿನ ಕೈ, ಸೌಟು, ನೊರೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ನಕ್ಕು ನಕ್ಕು ಕೆಮ್ಮಿದ.

"ಭಾವ, ಅದು ಗೂಡು. ಗಂಡು ಮೀನು ಆರೋಗ್ಯವಾಗಿದ್ರೇ ಅಂಗೆ ನೊರೆಯಿಂದ ಗೂಡು ಕಟ್ಟೋದು, ಮೊಟ್ಟೆ ಕಾಯಕ್ಕೆ. ಅವನಿಗೆ ನಿಮ್ಮನೆ ಒಗ್ಗೈತೆ ಬುಡಿ."

ಇದನ್ನು ಅವ್ವನಿಗೆ ಹೇಳಿದೆ. ಅವ್ವ ತೊಟ್ಟಿಯನ್ನು ಬಹಳ ಹೊತ್ತು ನೋಡಿ, "ಹೆಣ್ಣು ಗೊತ್ತಾಗೋಕ್ ಮುಂಚೆ ಮನೆ ಕಟ್ಟವ್ನೆ, ಜವಾಬ್ದಾರಿ ಐತೆ" ಎಂದಿತು.

ಹೆಂಡತಿ ಆಹಾರದ ಡಬ್ಬಿ ತಂದಳು. ಮುಚ್ಚಳ ತೆಗೆಯುವ ಮೊದಲು ನನ್ನ ಬಲಗೈ ಹಿಡಿದು, ತಿರುಗಿಸಿ, ಮೂಗಿನ ಹತ್ತಿರ ತಂದು ಮೂಸಿದಳು. ಬೆರಳ ಸಂದಿಯನ್ನೂ ಬಿಡಲಿಲ್ಲ. ಆಮೇಲೆ ಅಂಗೈ ಮೇಲೆ ಒಂದೇ ಒಂದು ಕಾಳು ಇಟ್ಟಳು.

"ಹಾಕಿ. ಮೇಲಿಂದ. ಬೆರಳು ಅದ್ದಬ್ಯಾಡಿ."

ಹಾಕಿದೆ. ಮೀನು ಗೂಡಿನ ಕೆಳಗಿನಿಂದ ಚಂಗನೆ ಬಂದು ಕಾಳು ನುಂಗಿತು. ಅಗಿಯದೇ ನುಂಗಿತಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಎಂದು ನಾನು ಕೇಳುವುದರೊಳಗೆ ಅವಳು ಡಬ್ಬಿ ಮುಚ್ಚಿಕೊಂಡು ಒಳಗೆ ಹೋಗಿದ್ದಳು.